ಕಾಲಿನ ಮೇಲೆ ಬಂದ ಅಪವಾದ

ಟೈಲರಮ್ಮ ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದಳು. ಎರಡು ಸಲವೂ ಡ್ರೈವಿಂಗ್ ಸ್ಕೂಲಿನ ಕಾರು ನಿಂತ ನಿಂತಲ್ಲೆಲ್ಲ ಆಫ್ ಆಗಿತ್ತು. ಕ್ಲಚ್ಚಿನ ಮೇಲೆ ಅವಳ ಕಾಲಿಗೆ ಹಿಡಿತವಿಲ್ಲ ಎಂದು ಡ್ರೈವಿಂಗ್ ಮೇಷ್ಟ್ರು ತೀರ್ಪು ಕೊಟ್ಟುಬಿಟ್ಟರು. ಅವರನ್ನೂ ದೂರುವ ಹಾಗಿಲ್ಲ. ಕಲಿಯುವವರ ಕೈಯಲ್ಲಿ ಕಾರು ಆಫ್ ಆಗದೆ ಇನ್ನೇನಾಗುತ್ತದೆ? ಅದಕ್ಕೆಲ್ಲ ಕಾರನ್ನು ಅನುಮಾನಿಸುವ ಮೇಷ್ಟ್ರು ಎಲ್ಲಿದ್ದಾರೆ? ಆದರೆ ಪೆಡಲ್ ತುಳಿದು, ಬೇಕಾದ ಹೊಲಿಗೆಯಲ್ಲೇ ಸೂಜಿ ನಿಲ್ಲಿಸುವ ಹೆಂಗಸಿಗೆ ಕಾಲಿನ ಹಿಡಿತವಿಲ್ಲ ಎಂದರೆ ಹೇಗಾಗಬೇಡ! ಈ ಸಲವೂ ಫೇಲಾದರೆ ಸ್ಟಿಯರಿಂಗಿನ ಸಹವಾಸವೇ ಬೇಡ ಎಂದು ಅವಳು ತೀರ್ಮಾನಿಸಿದ್ದಳು.

ಮೂರನೇ ಟೆಸ್ಟಿಗೆ ಹೊರಟ ದಿನ ಸಿಗ್ನಲ್ಲಿನಲ್ಲಿ ಕಾರು ಗಡಗಡ ನಡುಗಿ ಮತ್ತೆ ಆಫ್ ಆಯಿತು.

"ನೋಡಿದ್ರಾ, ಮತ್ತೆ ಕ್ಲಚ್ ಬಿಟ್ರಿ!" ಎಂದರು ಮೇಷ್ಟ್ರು.

"ಎಲ್ಲಿ ಬಿಟ್ಟೆ ಮೇಷ್ಟ್ರೇ? ಗೇರೇ ಹಾಕಿಲ್ಲ. ನ್ಯೂಟ್ರಲ್ಲಲ್ಲಿದೆ, ನೀವೇ ನೋಡಿ!"

ಮೇಷ್ಟ್ರು ಗೇರನ್ನು ಅಲ್ಲಾಡಿಸಿ ನೋಡಿದರು. ನಿಜಕ್ಕೂ ನ್ಯೂಟ್ರಲ್ಲೇ! ಟೈಲರಮ್ಮನ ಮೈ ಜುಮ್ಮೆಂದಿತು. ನ್ಯೂಟ್ರಲ್ಲಿನಲ್ಲಿ ಆಫ್ ಆದರೆ ಅದರಲ್ಲಿ ಕಾಲಿನದೇನು ತಪ್ಪು? ಕಾರನ್ನು ಸ್ಟಾರ್ಟ್ ಮಾಡಿ, ಮೇಷ್ಟ್ರನ್ನು ಒಂದು ಮಾತೂ ಕೇಳದೆ, ಸೀದಾ ತಮ್ಮನ ಗ್ಯಾರೇಜಿಗೆ ತಿರುಗಿಸಿದಳು.

ತಮ್ಮ ಬಾನೆಟ್ ಎತ್ತಿದ. "ಓಡುವಾಗ ಹೇಗಿರತ್ತಕ್ಕಾ?"

"ಏನೂ ತಕರಾರಿಲ್ಲ. ನಿಲ್ಲಿಸಿದ್ರೆ ಮಾತ್ರ ರಂಪ."

"ಹಾಗಾದ್ರೆ ನನಗೆ ಇಜಿಆರ್ ವಾಲ್ವ್ ಮೇಲೇ ಅನುಮಾನ. ಹೊರಗೆ ಹೋಗೋ ಹೊಗೇಲಿ ಸ್ವಲ್ಪ ವಾಪಸ್ ಎಂಜಿನ್ನಿಗೆ ಬಿಡೋದು ಅದರ ಕೆಲಸ. ಗಾಡಿ ನಿಂತಾಗ ಬಾಯಿ ಮುಚ್ಕೊಂಡಿರಬೇಕು. ತೆರಕೊಂಡೇ ಇದ್ರೆ ಎಂಜಿನ್ನಿಗೆ ಉಸಿರು ಕಟ್ಟತ್ತೆ."

"ಅನುಮಾನ ಗಿನುಮಾನ ಬೇಡಪ್ಪ. ಮೇಷ್ಟ್ರ ಕಣ್ಣೆದುರೇ ತೋರಿಸು. ಟೆಸ್ಟಿಗೆ ಹೊತ್ತಾಗ್ತಿದೆ!"

ತಮ್ಮ ತಗಡಿನ ಚೂರೊಂದನ್ನು ಕತ್ತರಿಸಿ, ವಾಲ್ವಿನಿಂದ ಹೊಗೆ ಬರುವ ದಾರಿಗೆ ಅಡ್ಡ ಇಟ್ಟು ಬೋಲ್ಟು ಬಿಗಿದ. ಟೈಲರಮ್ಮ ಕೀಲಿ ತಿರುಗಿಸಿದಳು. ಎಂಜಿನ್ ನಡುಗಲಿಲ್ಲ. ಮೂವರೂ ಕಿವಿಗೊಟ್ಟು ಕಾದರು, ಆಫೂ ಆಗಲಿಲ್ಲ!

"ಸಿಕ್ಕಿಬಿದ್ದ ಕಳ್ಳ!" ಎಂದು ತಮ್ಮ ಕುಣಿದ. ವಾಲ್ವ್ ಬಿಚ್ಚಿದರೆ ಒಳಗೆಲ್ಲ ಮಸಿ, ಸೀದ ಬಾಣಲೆಯ ತಳದ ಹಾಗೆ. ಅದರಲ್ಲೇ ಮುಚ್ಚಳ ಅರ್ಧಂಬರ್ಧ ತೆರೆದು ಸಿಕ್ಕಿಕೊಂಡಿತ್ತು. ಅವನು ಸ್ಪ್ರೇ ಹೊಡೆದ, ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬ್ರಷ್ಷಿನಿಂದ ಉಜ್ಜಿದಳು. ಕೊನೆಗೆ ಮುಚ್ಚಳ ಟಕ್ಕೆಂದು ಮುಚ್ಚಿಕೊಂಡಿತು. ತಗಡು ತೆಗೆದು ವಾಲ್ವ್ ಕೂರಿಸಿ ನೋಡಿದರು. ಎಂಜಿನ್ ಹಾಗೇ ಸಮವಾಗಿ ಓಡುತ್ತಿತ್ತು.

"ಪಾಪ, ಎಷ್ಟು ಜನರ ಕಾಲಿಗೆ ಬೈದಿದೀನೋ!" ಎಂದು ಮೇಷ್ಟ್ರು ತಲೆ ಚಚ್ಚಿಕೊಂಡರು.

ಟೆಸ್ಟಿನಲ್ಲಿ ನಿಲ್ಲಿಸಬೇಕಾದ ಕಡೆಯೆಲ್ಲ ಕಾರು ತೆಪ್ಪಗೆ ನಿಂತಿತು. ಖುಷಿ ತಡೆಯಲಾರದೆ ಟೈಲರಮ್ಮ ಏರಿನಲ್ಲಿ ಕ್ಲಚ್ಚನ್ನು ಬೇಗ ಬಿಟ್ಟಳು. ಕಾರು ಜಗ್ಗಿ ಆಫ್ ಆಯಿತು. ಪಕ್ಕದಲ್ಲಿ ಕೂತಿದ್ದ ಆರ್‌ಟಿಒ ಇನ್‌ಸ್ಪೆಕ್ಟರ್ ಪೆನ್ನೆತ್ತಿದರು. ನೆನ್ನೆಯಾಗಿದ್ದರೆ ಅವಳು ಅಲ್ಲೇ ಅತ್ತುಬಿಡುತ್ತಿದ್ದಳು. ಈಗ ನಗು ಬಂತು.

"ಸಾರ್, ಇದು ಮಾತ್ರ ನಂದೇ ತಪ್ಪು. ಒಂದು ನಿಮಿಷ" ಎಂದು ಹ್ಯಾಂಡ್‌ಬ್ರೇಕ್ ಎಳೆದಳು. ಮತ್ತೆ ಸ್ಟಾರ್ಟ್ ಮಾಡಿ, ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಟ್ಟಳು. ಕಾರು ಒಂದಿಂಚೂ ಹಿಂದೆ ಜಾರದೆ ಏರು ಹತ್ತಿತು.

"ಒಂದು ಸಲ ಆಫ್ ಆದ್ರೆ ಪರವಾಗಿಲ್ಲ, ಪಾಸು" ಎಂದರು ಇನ್‌ಸ್ಪೆಕ್ಟರ್.

ಬೇಲಿಯಾಚೆ ಬೆವರೊರೆಸಿಕೊಳ್ಳುತ್ತಿದ್ದ ಮೇಷ್ಟ್ರಿಗೆ ಅವಳು ಕಿಟಕಿಯಿಂದಲೇ ಕೂಗಿ ಹೇಳಿದಳು: "ನನ್ನ ಕಾಲೇ ಮೇಷ್ಟ್ರೇ! ಆಫ್ ಮಾಡಿದ್ದೂ ಅದೇ, ಏರು ಹತ್ತಿಸಿದ್ದೂ ಅದೇ!"