ಮುಖ ಬಿಟ್ಟು ಹೊಲಿದ ಕೌದಿ

ಬಟ್ಟೆಯ ಮೇಲೆ ಫೋಟೊ, ಅದರ ಹಿಂಬದಿಗೆ ಹೊಲಿಯುವ ಸೂಚನೆ ಅಚ್ಚು ಹಾಕಿ ಕೌದಿ ಮಾಡುವ ವಿಧಾನಕ್ಕೆ ಸವಣೂರಿನ ಮಹೆಕ ಪೇಟೆಂಟ್ ಕೇಳಿದ್ದಳು. ಹುಬ್ಬಳ್ಳಿಯ ಪೇಟೆಂಟ್ ವಕೀಲ ಮುಜಾಫರ ಫೋನಿನಲ್ಲಿ ಅಂದದ್ದು ಕೇಳಿ ಅವಳಿಗೆ ಸಿಟ್ಟು ನೆತ್ತಿಗೇರಿತು.

“ಬಟ್ಟಿ ಮ್ಯಾಲೆ ಫೋಟೊ ಹಳೇದು, ಕೌದಿ ಅದಕ್ಕೂ ಹಳೇದು. ಎರಡೂ ಕೂಡಸೋದು ಯಾರಿಗಾದ್ರೂ ಹೊಳಿತೈತಿ ತಂಗಿ. ಹಿಂದ ಸೂಚನಾ ಅಚ್ಚು ಹಾಕಿದ್ರ ಅದು ಹೊಸಾದಾಗಂಗಿಲ್ಲ.”

ಪೇಟೆಂಟ್ ಇಲ್ಲದೆ ಮಾರಾಟಕ್ಕಿಟ್ಟರೆ ದೊಡ್ಡ ಕಂಪನಿಯವರು ನಕಲು ಹೊಡೆಯುವುದು ಖಂಡಿತ. ಎರಡು ವರ್ಷ ಜೀವ ತೇದು ಮಾಡಿದ ಕೆಲಸ! ಇದರ ಸಹವಾಸವೇ ಬೇಡವೆಂದು, ಹೊಲಿಯಲು ಕೊಟ್ಟಿದ್ದ ಮಾದರಿಯನ್ನು ವಾಪಸು ತರಲು ದುಂಡಸಿಯ ಬಸ್ಸು ಹತ್ತಿದಳು. ಅದರ ಮೇಲಿದ್ದದ್ದು ತೀರಿಹೋದ ಅವಳ ತಾಯಿ ಮರಿಯಮಬಿಯ ಫೋಟೊ. ತಾಯಿಯದೇ ಸೀರೆಗಳ ಕೌದಿ.

ಕೌದಿ ಹೊಲಿಯುವ ಗುತ್ತೆವ್ವ ಕಟ್ಟೆಯ ಮೇಲೆ ಕೂತಿದ್ದಳು. “ಬಾರವ್ವಾ. ಗೆರಿ ನೀನ ಹಾಕಿ ಕೊಟ್ಟಿದ್ದು ಭಾಳ ಚಲೋ ಆತು. ನನಗ ಹೊಲಿಗಿಗೆ ಸುಣ್ಣದ ಗೆರಿ ಎಳಿಯೋ ಕೆಲಸ ತಪ್ಪಿತು.”

ಮಹೆಕ ಕೌದಿಯನ್ನು ಮಗುಚಿ ನೋಡಿದಳು. ಮುದುಕಿ ಸೂಚನೆಯ ಸಾಲುಗಳ ಮೇಲೆಯೇ ದಾರ ಓಡಿಸಿದ್ದಳು.

“ಅಯ್ಯ ಆಯೀ, ಅವು ಅಕ್ಷರ! ಓದಾಕ ಹಾಕಿದ್ದು, ಹೊಲಿಯಾಕಲ್ಲ!”

“ಹೌದೇನ? ಚಷ್ಮಾ ಒಡದೈತೆವ್ವಾ. ಗೆರಿ ಇದ್ದಲ್ಲೆ ಹೊಲದೆ, ಇಲ್ಲದಲ್ಲೆ ಬಿಟ್ಟೆ.”

ಮಸಿ ಮುಂಬದಿಗೆ ಇಣುಕಬಾರದೆಂದು ಮುಖದ ಹಿಂದೆ ಮಾತ್ರ ಮಹೆಕ ಏನೂ ಅಚ್ಚು ಹಾಕಿರಲಿಲ್ಲ. ಅವಳು ಕೌದಿಯನ್ನು ತಿರುಗಿಸಿದಳು. ಮೊದಲಿನ ಮಾದರಿಗಳಲ್ಲೆಲ್ಲ ಹೊಲಿಗೆ ಮುಖದ ಮೇಲೆಯೇ ಹಾದು ಅದನ್ನು ಸುಕ್ಕುಗಟ್ಟಿಸಿತ್ತು. ಇಲ್ಲಿ ಸುತ್ತಲೂ ಹೊಲಿಗೆ ಬಿಗಿದು, ಸೂಜಿ ತಾಗದ ಮುಖವೊಂದೇ ಮೆತ್ತಗೆ ಉಬ್ಬಿ ನಿಂತಿತ್ತು. ಮಹೆಕ ಅಮ್ಮನ ಕೆನ್ನೆ ಮುಟ್ಟಿದಳು. ಕಣ್ಣು ತುಂಬಿ ಬಂತು.

ಅಲ್ಲಿಂದಲೇ ವಕೀಲನಿಗೆ ಫೋನು ಹಚ್ಚಿ ಎಲ್ಲ ಹೇಳಿದಳು. ಅವನು ಹಳೆಯ ಅರ್ಜಿ ತೆಗೆದು ನೋಡಿದ.

“ಅಕ್ಷರ ಬರೇ ಸೂಚನಾ ಹೇಳಿದ್ರ ಉಪಯೋಗ ಇಲ್ಲ. ಅಕ್ಷರನ ಸೂಜಿ ನಡಸಿ ಮುಖ ಉಳಸ್ತಾವಂದ್ರ ಬ್ಯಾರೆ ಮಾತು. ಪೇಟೆಂಟ್ ಸಿಕ್ಕ ಸಿಗತೈತಿ ಅನ್ನಂಗಿಲ್ಲ, ಆದ್ರ ವಾದ ಮಾಡಾಕ ಜಾಗಾ ಐತಿ. ಹೊಸಾ ಅರ್ಜಿ ಹಾಕೂಣು. ಕಂಡುಹಿಡದವರು ಅಂತ ಯಾರ ಹೆಸರು ಬರೀಲಿ?”

“ಮೊದಲ ಗುತ್ತೆವ್ವ ಅಂತ ಬರೀರಿ. ಆಮ್ಯಾಲ ನಂದು.”

ಮುದುಕಿ ಗಾಬರಿಯಾದಳು. “ನನ್ನ ಹೆಸರು ಯಾಕವ್ವಾ? ನಾ ಮಾಡಿದ್ದು ತಪ್ಪಲ್ಲೇನ?”

“ತಪ್ಪ ಆಯೀ,” ಮಹೆಕ ನಕ್ಕಳು. “ಆದ್ರ ಇಷ್ಟು ದಿನ ಯಾರಿಗೂ ಹೊಳದಿರಲಿಲ್ಲ.”