ಗಲೀಜು ಹಾಳೆ

ಸ್ಕೂಲಿನ ಕೌನ್ಸೆಲರ್ ಮೇಡಂ ಕೋಣೆಗೆ ಅಕ್ಕ ಬಂದದ್ದು ಇದು ಮೂರನೇ ಸಲ. ಮೂರು ವಾರದ ಹಿಂದೆ, ಮೊದಲ ಸಲ, ಅರ್ಜಿಗೆ ಫೋಟೊ ಇಲ್ಲ ಎಂದು, ತಂಗಿ ಮನೆಯಲ್ಲಿ ಬರೆದು ತರಲು ಪ್ರಶ್ನೆಗಳ ಹಾಳೆಯೊಂದನ್ನು ಕೊಟ್ಟು ಕಳಿಸಿದರು. ಎರಡನೇ ಸಲ ಮೇಡಮ್ಮೇ ಇರಲಿಲ್ಲ. ಇವತ್ತು ಕೊನೆಯ ದಿನ. ಅಕ್ಷರ ಕೂಡಿಸಿ ಓದಲು ತಿಣುಕುವ ತಂಗಿ ಚೂಟಿಗೆ ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳುವವರೊಬ್ಬರು ಸಿಗಬೇಕಾದರೆ, ಅರ್ಧ ಗಂಟೆ ಹೆಚ್ಚು ಸಿಗಬೇಕಾದರೆ, ಸಂಜೆಯೊಳಗೆ ಮೇಡಂ ಸಹಿ ಬೀಳಬೇಕು. ಈ ಸಲವೂ ಫೇಲಾದರೆ ಸ್ಕೂಲು ಬಿಡುತ್ತೇನೆಂದು ಚೂಟಿ ಹಟ ಹಿಡಿದಿದ್ದಳು. ಏಳನೇ ಕ್ಲಾಸಿಗೇ ಬಿಟ್ಟು ಟೈಲರ್ ಅಂಗಡಿ ಸೇರಿದ ಅಕ್ಕ ಆ ಮಾತು ಕೇಳಿಸಿಕೊಳ್ಳಲೂ ತಯಾರಿರಲಿಲ್ಲ.

ಕೋಣೆಯ ಅರ್ಧಕ್ಕೆ ಗಾಳಿ ಹೋದ ಚೆಂಡುಗಳ ರಾಶಿ. ಉಳಿದರ್ಧದಲ್ಲಿ ಮೇಜು, ಮೇಡಂ, ಫೈಲುಗಳು.

"ನೋಡಮ್ಮಾ, ನಿಮ್ಮ ತಂಗಿಗೆ ಯಾವ ತೊಂದರೆಯೂ ಇಲ್ಲ. ಮನೇಲಿ ಬರೆಯೋಕೆ ಕೊಟ್ಟ ಹಾಳೇಲಿ ಇಪ್ಪತ್ತಕ್ಕೆ ಹದಿನೆಂಟು ಸರಿ. ಅಕ್ಷರ ಅಂತೂ ಮುತ್ತು ಪೋಣಿಸಿದ ಹಾಗಿದೆ!"

ಅಕ್ಕನ ಮುಖ ಕೆಂಪಾಯಿತು. ಅವಳ ಅಕ್ಷರವನ್ನು ಯಾರಾದರೂ ಹೊಗಳಿ ಎಂಟು ವರ್ಷವಾಗಿತ್ತು. ಪಕ್ಕದಲ್ಲಿ ಕೂತಿದ್ದ ಚೂಟಿ ಮೇಜಿನಡಿಯಲ್ಲೇ ಅವಳ ಕಾಲಿಗೆ ಒದ್ದಳು.

"ಮೇಡಂ... ಅದು ನಾನು ಬರೆದದ್ದು."

"ಏನು?"

"ಇವಳು ಬರೆದದ್ದು ಉಜ್ಜಿ ಉಜ್ಜಿ ಗಲೀಜಾಗಿತ್ತು. ಅಂಥದ್ದನ್ನ ಸ್ಕೂಲಿಗೆ ಕೊಡೋದು ಹೇಗೆ ಅಂತ ನೀಟಾಗಿ ಬರೆದೆ. ಬರೀತಾ ಬರೀತಾ ತಪ್ಪೂ ತಿದ್ದಿಬಿಟ್ಟೆ." ಅಂಗಡಿಯಲ್ಲಿ ಸೊಟ್ಟ ಹೊಲಿಗೆ ಕಂಡರೆ ಬಿಚ್ಚಿ ಹೊಲಿಯದೆ ಅವಳು ಯಾವ ಬಟ್ಟೆಯನ್ನೂ ಗಿರಾಕಿಯ ಕೈಗೆ ಕೊಟ್ಟವಳಲ್ಲ.

"ಹಾಗಾದ್ರೆ ಆ ಎರಡು ತಪ್ಪು?"

"ಅವೂ ನನ್ನವೇ, ಮೇಡಂ."

ಮೇಡಂ ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. "ಅಯ್ಯೋ ತಾಯಿ! ತಪ್ಪು ಎಲ್ಲೆಲ್ಲಿದೆ ಅಂತ ನೋಡೋಕೇ ಅಲ್ವೇನಮ್ಮಾ ಆ ಹಾಳೆ ಕೊಟ್ಟಿದ್ದು? ಈ ತಿಂಗಳಲ್ಲಿ ಹೀಗೆ ಮಾಡಿದವರಲ್ಲಿ ನೀನು ಐದನೆಯವಳು." ಡ್ರಾಯರಿನಿಂದ ಬೇರೊಂದು ಹಾಳೆ ತೆಗೆದು ಚೂಟಿಯ ಮುಂದೆ ಕುಕ್ಕಿದರು. "ಇಪ್ಪತ್ತು ನಿಮಿಷ." ಅಕ್ಕನ ಕಡೆ ತಿರುಗಿದರು. "ನೀನು ಅಲ್ಲಿ ಕೂತ್ಕೋ. ತುಟಿ ಬಿಚ್ಚಬಾರದು."

ಅಕ್ಕ ಚೆಂಡುಗಳ ಪಕ್ಕ ಕೂತಳು. ಚೂಟಿ ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ತೆವಳುತ್ತಾ ಓದಿದಳು. ಬರೆದಳು, ಉಜ್ಜಿದಳು, ಮತ್ತೆ ಉಜ್ಜಿದಳು. ಅಷ್ಟರಲ್ಲಿ ಜವಾನ ಬಂದು, ಹೆಡ್ಮಾಸ್ತರು ಕರೆಯುತ್ತಿದ್ದಾರೆಂದು ಮೇಡಮ್ಮನ್ನು ಎಬ್ಬಿಸಿಕೊಂಡು ಹೋದ.

"ಅಕ್ಕಾ, ಇದೇನೇ?" ಚೂಟಿ ಪಿಸುಗುಟ್ಟಿದಳು.

ಅಕ್ಕ ಫ್ಯಾನು ನೋಡಿದಳು.

"ಒಂದೇ ಒಂದು ಪದ ಕಣೇ. ಪ್ಲೀಸ್!"

ಅಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಅವುಗಳ ಮೇಲೇ ಕೂತಳು.

"ರಾಕ್ಷಸಿ! ಬೇಡದಾಗ ಎಲ್ಲಾ ಬರೀತೀಯ, ಬೇಕಾದಾಗ ಬಾಯಿಗೆ ಬೀಗ!"

ಮೇಡಂ ಬರುವಾಗ ಇಪ್ಪತ್ತೈದು ನಿಮಿಷ ಕಳೆದಿತ್ತು. ಇಪ್ಪತ್ತರಲ್ಲಿ ಚೂಟಿ ಮುಟ್ಟಿದ್ದು ಆರು ಪ್ರಶ್ನೆ, ಸರಿಯಾದದ್ದು ಎರಡು. ಮೂಲೆಯಲ್ಲಿ ಉಜ್ಜಿ ಉಜ್ಜಿ ಹಾಳೆ ತೂತೇ ಬಿದ್ದಿತ್ತು. ಮೇಡಂ ಉಳಿದ ಪ್ರಶ್ನೆಗಳನ್ನು ತಾವೇ ಓದಿ ಕೇಳಿದರು. ಚೂಟಿ ಪಟಪಟನೆ ಹದಿಮೂರಕ್ಕೆ ಸರಿಯಾಗಿ ಉತ್ತರ ಹೇಳಿದಳು. ಒಂದಕ್ಕೆ ಮಾತ್ರ, "ಇದು ಪಾಠದಲ್ಲೇ ಇಲ್ಲ, ಮೇಡಂ" ಎಂದಳು. ಅದೂ ನಿಜವಿತ್ತು.

"ಇವಳೇ ಬರೆದದ್ದನ್ನ ಆವತ್ತೇ ನೋಡಿದ್ದರೆ ಮೂರು ವಾರ ಉಳೀತಿತ್ತಲ್ಲಮ್ಮಾ" ಎನ್ನುತ್ತಾ ಮೇಡಂ ಅರ್ಜಿಗೆ ಸಹಿ ಹಾಕಿದರು. "ಈ ಹಾಳೇನ ಇದಕ್ಕೆ ಪಿನ್ ಮಾಡಿ ಆಫೀಸಿಗೆ ಕೊಟ್ಟು ಹೋಗಿ."

ಹೊರಗೆ ಬಂದ ಮೇಲೆ ಅಕ್ಕನ ಹೆಬ್ಬೆರಳು ತಾನಾಗಿ ಹಾಳೆಯ ಆ ತೂತು ಬಿದ್ದ ಮೂಲೆಯನ್ನು ಸರಿಮಾಡಲು ಹೋಯಿತು. ಚೂಟಿ ಫಟ್ಟನೆ ಕೈಗೆ ಹೊಡೆದಳು.

"ಮುಟ್ಟಬೇಡ. ಅದು ನಂದು."