ಕೋಳಿಮರಿಯ ದೃಶ್ಯ

ಕಂತು ಮುಗಿದು ಪರದೆಯ ಮೇಲೆ ಹೆಸರುಗಳು ಓಡತೊಡಗಿದವು. ಅರ್ಸೆನಿಯಾಳ ಮುಂಗೋಣೆಯಲ್ಲಿ ಒತ್ತಿಕೊಂಡು ಕೂತಿದ್ದ ಹದಿನೈದು ಮಂದಿ ಇನ್ನೂ ಪರದೆಯನ್ನೇ ನೋಡುತ್ತಿದ್ದರು. ಮೊದಲು ಬಾಯಿಬಿಟ್ಟವಳು ಬೀದಿ ಕೊನೆಯ ಪಾರ್ಲರಿನ ನೆನೆತ್. ಶ್ಯಾವಿಗೆಯ ತಟ್ಟೆ ನೆಲಕ್ಕಿಟ್ಟು ಮೂಗು ಒರೆಸಿಕೊಂಡಳು.

"ಅಯ್ಯೋ, ಆ ಕೋಳಿಮರಿ! ಪ್ರಶಸ್ತಿ ಕೊಡೋದಾದ್ರೆ ಅದಕ್ಕೇ ಕೊಡ್ಬೇಕು."

ಅಷ್ಟು ಸಾಕಾಯಿತು, ಎಲ್ಲರ ಬಾಯಿಯೂ ತೆರೆದುಕೊಂಡಿತು.

"ನಿನ್ನ ಪಾತ್ರದೋಳು ಜಾಸ್ತಿ ಅತ್ತುಬಿಟ್ಳು, ಆತೆ ಸೆನಿಯಾ. ನೀನೆಲ್ಲಿ ಅಷ್ಟು ಅತ್ತಿದ್ದೆ?" ಅರ್ಸೆನಿಯಾ ಬೀದಿಗೆಲ್ಲ ಆತೆ ಸೆನಿಯಾ, ಎಂದರೆ ಸೆನಿಯಾ ಅಕ್ಕ.

"ನಂಗಂತೂ ಇಷ್ಟ ಆಯ್ತು. ಕೊನೆ ಮಾತ್ರ ಕೈಕೊಡ್ತು. ಯಾರು ಕೊಂದಿದ್ದು ಅಂತ ಹೇಳೋದಲ್ವಾ?"

"ಹೇಳಿದ್ರಲ್ಲೇ ಪೆದ್ದಿ! ಮರಿ ಯಾರ ಮುಂದೆ ಹೋಗಿ ನಿಂತ್ಕೊಳ್ತು?"

ಎಲ್ಲರ ಕಣ್ಣುಗಳೂ ಬಾಗಿಲ ಪಕ್ಕದ ಕುರ್ಚಿಯ ಮೇಲೆ ಬಿದ್ದವು. ಅಲ್ಲಿ ಕೂತಿದ್ದ, ಬಾಡಿಗೆ ಟ್ರೈಸಿಕಲ್ ಓಡಿಸುವ ಡೊಮೆಂಗ್ ಯಾವಾಗ ಎದ್ದು ಹೋದನೋ ಯಾರಿಗೂ ಗೊತ್ತಾಗಿರಲಿಲ್ಲ. ಅವನ ತಟ್ಟೆಯ ಶ್ಯಾವಿಗೆ ಹಾಗೇ ಇತ್ತು.

ಎರಡು ವರ್ಷದ ಹಿಂದೆ, ಅರ್ಸೆನಿಯಾಳ ಮಗಳು ಜೊವೆಲಿನ್ ಕೆಲಸ ಮುಗಿಸಿ ಹೊರಟವಳು ಮನೆ ಸೇರಲಿಲ್ಲ. ಮೂರನೆಯ ದಿನ ಹಳ್ಳದ ದಂಡೆಯಲ್ಲಿ ಸಿಕ್ಕಿದಳು. ಕೊಲೆಯಾದವರ ಶವಪೆಟ್ಟಿಗೆಯ ಗಾಜಿನ ಮುಚ್ಚಳದ ಮೇಲೆ ಕೋಳಿಮರಿ ಬಿಡುವುದು ಅವರ ಕಡೆಯ ರೂಢಿ. ಅದು ಒಂದೊಂದು ಕಾಳು ಕುಕ್ಕಿದಾಗಲೂ ಕೊಂದವನ ಎದೆಯಲ್ಲಿ ಕುಕ್ಕಿದಂತಾಗುತ್ತದೆ ಎಂದು ನಂಬಿಕೆ. ಅರ್ಸೆನಿಯಾ ತಾನೇ ಸಂತೆಯಿಂದ ಹಳದಿ ಮರಿಯೊಂದನ್ನು ತಂದು ಬಿಟ್ಟಿದ್ದಳು. ಕೊಂದವನು ಬರಲಿಲ್ಲ. ಆದರೆ ಬಂದವರೆಲ್ಲ ಹೋದ ಮೇಲೆ ಡೊಮೆಂಗ್ ಆ ಟಕ್ ಟಕ್ ಸದ್ದು ಕೇಳಲಾರದೆ ಪೆಟ್ಟಿಗೆಯ ಮುಂದೆ ಕುಸಿದು ಕೂತು ಬಿಕ್ಕಿದ. ಆಮೇಲೆ ಅವಳನ್ನು ಹಿತ್ತಿಲಿಗೆ ಕರೆದು ಹೇಳಿದ. ಆ ಸಂಜೆ ಊರಿನ ಲಾರಿ ಮಾಲೀಕನ ಎರಡನೆಯ ಮಗ ಜೊವೆಲಿನ್‌ಳ ರಟ್ಟೆ ಹಿಡಿದು ನೀಲಿ ಪಿಕಪ್ ಹತ್ತಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಕಂಡೂ ಮುಖ ತಿರುಗಿಸಿಕೊಂಡು ಗಾಡಿ ಓಡಿಸಿದ್ದ.

ಪೊಲೀಸರ ಮುಂದೆ ಹೇಳು ಎಂದರೆ ಗಾಡಿ ಹತ್ತಿ ಹೊರಟುಬಿಡುತ್ತಿದ್ದ. ಸಾಕ್ಷಿ ಇಲ್ಲವೆಂದು ಸರ್ಕಾರಿ ವಕೀಲರ ಕಚೇರಿ ಕಡತ ಮುಚ್ಚಿಟ್ಟಿತು. ಕೊನೆಗೆ ಒಂದು ದಿನ ಅವನೇ ಹೇಳಿದ: "ಟೀವೀಲಿ ಬರ್ಲಿ, ಆತೆ. ನಿಜವಾದ ಕೇಸುಗಳ್ನ ತೋರಿಸ್ತಾರಲ್ಲ, ಅದ್ರಲ್ಲಿ. ದೇಶಕ್ಕೆಲ್ಲ ಗೊತ್ತಾದ್ಮೇಲೆ ನನ್ನ ಮೈ ಮುಟ್ಟೋ ಧೈರ್ಯ ಯಾವನಿಗೂ ಇರಲ್ಲ. ಅದು ಬಂದ್ಮೇಲಿನ ಸೋಮವಾರವೇ ಹೋಗಿ ಹೇಳಿಕೆ ಕೊಡ್ತೀನಿ. ತಾಯಿಯಾಣೆ."

ಅವಳು ಆ ಧಾರಾವಾಹಿಗೆ ಏಳು ಪುಟದ ಕಾಗದ ಬರೆದಳು. ನಾಲ್ಕು ತಿಂಗಳ ನಂತರ ಮನಿಲಾದಿಂದ ಬರಹಗಾರ್ತಿಯೊಬ್ಬಳು ಬಂದು, ಅರ್ಸೆನಿಯಾ ಮಾರಲು ಬೇಯಿಸಿದ್ದ ಅಕ್ಕಿ ಕಡುಬು ತಿನ್ನುತ್ತಾ ಎಲ್ಲವನ್ನೂ ಬರೆದುಕೊಂಡಳು. ಮರಿಯ ಮುಂದೆ ಗಂಡಸೊಬ್ಬ ಬಿಕ್ಕಿದ ಮಾತು ಬಂದಾಗ ಮಾತ್ರ ಪೆನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡಳು. "ಇದನ್ನ ಬಿಡೋದೇ ಇಲ್ಲ, ಆಂಟಿ," ಎಂದಿದ್ದಳು. ಆಮೇಲೊಂದು ಫೋನು ಬಂತು: ಪಿಕಪ್ ತೋರಿಸುವಂತಿಲ್ಲ, ಆ ಹುಡುಗನ ಮೇಲೆ ಕೇಸೇ ಇಲ್ಲವಲ್ಲ, ನಮ್ಮ ವಕೀಲರು ಒಪ್ಪುತ್ತಿಲ್ಲ. ಅರ್ಸೆನಿಯಾ ಆಗಲಿ ಎಂದಳು. ಪಿಕಪ್ ಹೋದರೇನು, ಅತ್ತ ಮನುಷ್ಯ ಉಳಿದನಲ್ಲ, ನೋಡುವವರಿಗೆ ಅಷ್ಟು ಅರ್ಥವಾಗುವುದಿಲ್ಲವೇ ಎಂದುಕೊಂಡಳು.

ನೋಡುವವರಿಗೆ ಅರ್ಥವಾಯಿತು. ಕೋಳಿಮರಿಯ ಮುಂದೆ ಅಳುವವನು ಯಾರೆಂದು ಆ ದೇಶದಲ್ಲಿ ಮಗುವಿಗೂ ಗೊತ್ತು. ಮರಿ ಗಾಜಿನಿಂದ ಜಿಗಿದು ಟ್ರೈಸಿಕಲ್‌ನವನ ಕಾಲ ಬಳಿ ನಿಲ್ಲುತ್ತದೆ, ಅವನ ಮುಖ ಪರದೆ ತುಂಬುತ್ತದೆ, ಕತ್ತಲು. ಅಲ್ಲಿಗೆ ಕಂತು ಮುಗಿದಿತ್ತು.

ಮರುದಿನ ಭಾನುವಾರ, ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲಿಳಿಯುವಾಗ ಮೂರು ಜನ ಅವಳ ಕೈ ಹಿಡಿದುಕೊಂಡರು. ಒಬ್ಬಳು ತುಂಬಾ ಚೆನ್ನಾಗಿತ್ತು ಎಂದಳು. ಇನ್ನೊಬ್ಬಳು ನಡುವೆ ಸ್ವಲ್ಪ ಎಳೆದರು ಎಂದಳು. ಮೂರನೆಯವಳು ಕಿವಿಯ ಹತ್ತಿರ ಬಂದು, "ಪಾಪ, ನೀನು ಮನೆಗೆ ಕರೆದು ಊಟ ಹಾಕ್ತಿದ್ದೆ ಅವನಿಗೆ," ಎಂದಳು. ಎದುರಿನ ಸ್ಟ್ಯಾಂಡಿನಲ್ಲಿ ಡೊಮೆಂಗನ ಗಾಡಿ ಸಾಲಿನ ಮೊದಲಿಗಿತ್ತು. ಜನ ಅದನ್ನು ಬಿಟ್ಟು ಹಿಂದಿನದಕ್ಕೆ ಹತ್ತುತ್ತಿದ್ದರು. ಜೊತೆಯ ಚಾಲಕನೊಬ್ಬ ನಗುತ್ತಾ "ಚಿಂವ್, ಚಿಂವ್" ಎಂದ. ಡೊಮೆಂಗ್ ಕೇಳಿಸದವನಂತೆ ಕನ್ನಡಿ ಒರೆಸುತ್ತಲೇ ಇದ್ದ.

ಮನೆಗೆ ಬಂದವಳು ಫೋನಿನಲ್ಲಿ ಧಾರಾವಾಹಿಯ ಪುಟ ತೆರೆದಳು. ಸಾವಿರಾರು ಜನ ಬರೆದಿದ್ದರು. ತಾಯಿಯಾದವಳು ಮಗಳನ್ನು ಆ ಹೊತ್ತಿಗೆ ಕೆಲಸಕ್ಕೆ ಕಳಿಸಿದ್ದೇ ತಪ್ಪು ಎಂದು ಒಬ್ಬರು. ಹತ್ತಕ್ಕೆ ಆರು ಅಂಕ ಎಂದು ಒಬ್ಬರು. ಸಂಗೀತ ಜೋರಾಯಿತು, ಟ್ರೈಸಿಕಲ್‌ನವನ ನಟನೆ ಅದ್ಭುತ, ಅವನ ಕಣ್ಣಿನಲ್ಲೇ ಪಾಪ ಕಾಣುತ್ತಿತ್ತು ಎಂದು ನೂರು ಜನ. ಅವಳು ಕಡುಬಿನ ಹಿಟ್ಟು ಅಂಟಿದ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ಬರೆದಳು: "ಅವನು ಕೊಂದಿಲ್ಲ. ನಾನು ಆ ಹುಡುಗಿಯ ತಾಯಿ." ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಆಂಟಿ, ಇನ್ನೊಂದ್ಸಲ ಸರಿಯಾಗಿ ನೋಡಿ." ಅದರ ಕೆಳಗೆ ನಗುವ ಮುಖಗಳ ಸಾಲು.

ಅವಳು ನೋಡಿದಳು. ಬೆಳಕು ಮುಖದ ಅರ್ಧಕ್ಕೆ ಮಾತ್ರ ಬಿದ್ದ ಆ ನಟ ಅಳುತ್ತಿದ್ದ. ಅವಳ ನೆನಪಿನ ಡೊಮೆಂಗ್ ಅದೇ ಬೆಳಕಿನಲ್ಲಿ ಅಳತೊಡಗಿದ. ಎರಡು ವರ್ಷ ಸುಮ್ಮನಿದ್ದನಲ್ಲ, ಪಿಕಪ್ ಕಂಡವನು ಅವನೊಬ್ಬನೇ ಅಲ್ಲವೇ ಎಂಬ ಮಾತು ಎಲ್ಲಿಂದಲೋ ತೂರಿಕೊಂಡು ಬಂತು. ಅವಳು ಫೋನನ್ನು ಬೋರಲು ಹಾಕಿ, ಬಾಯಿಗೆ ಕೈ ಒತ್ತಿಕೊಂಡು ಕೂತಳು.

ಸಂಜೆ ಡೊಮೆಂಗನ ಮನೆಗೆ ಹೋದಾಗ ಅವನ ಹೆಂಡತಿ ಫೆಲಿ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಅವರ ಹಿರಿಮಗನಿಗೆ ಅರ್ಸೆನಿಯಾ ಜ್ಞಾನಸ್ನಾನದ ದಿನ ನಿಂತ ಧರ್ಮತಾಯಿ. ಆ ನಂಟಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕುಮಾರೆ ಎಂದೇ ಕರೆಯುವುದು.

"ಬಾ ಕುಮಾರೆ. ಇನ್ನೇನು ಉಳಿಸಿದ್ದೀಯಾ, ಅದ್ನೂ ತಗೊಂಡು ಹೋಗು," ಎಂದಳು ಫೆಲಿ, ತಿರುಗಿಯೂ ನೋಡದೆ.

"ನಾನು ಹಾಗೆ ಹೇಳಿರ್ಲಿಲ್ಲ ಕಣೇ. ಅವರು ತಿರುಚಿಬಿಟ್ರು."

"ಅವನು ಅತ್ತಿದ್ದನ್ನ ಹೇಳಿದೋಳು ನೀನು ತಾನೆ? ಆ ಸದ್ದು ಕೇಳಿ ಅವನು ವರ್ಷಗಟ್ಟಲೆ ನಿದ್ದೆಗೆಟ್ಟ. ಅದನ್ನ ನಿನಗೊಬ್ಬಳಿಗೇ ಹೇಳ್ಕೊಂಡಿದ್ದ. ನೀನು ಊರಿಗೆಲ್ಲ ಹಂಚಿದೆ, ಶ್ಯಾವಿಗೆ ಬೇಯ್ಸಿ."

ಅರ್ಸೆನಿಯಾ ತಲೆ ತಗ್ಗಿಸಿದಳು. "ನಾಳೆ ಹೇಳಿಕೆ ಕೊಟ್ರೆ ಎಲ್ಲ ಸರಿಹೋಗುತ್ತೆ, ಫೆಲಿ. ನಿಜ ಏನೂಂತ ಆಗ್ಲಾದ್ರೂ..."

"ಏನಂತ ಕೊಡ್ತಾನೆ? ಕೊನೇಗೆ ಅವಳನ್ನ ನೋಡಿದೋನು ನಾನೇ ಅಂತಾನಾ? ಎರಡು ವರ್ಷ ಯಾಕೆ ಬಾಯಿ ಮುಚ್ಕೊಂಡಿದ್ದೆ ಅಂತ ಕೇಳಲ್ವಾ? ಟೀವೀಲಿ ಆಗ್ಲೇ ಉತ್ತರ ಬಂದುಬಿಟ್ಟಿದೆಯಲ್ಲ!"

ಡೊಮೆಂಗ್ ಒಳಗಿಂದ ಬಂದ. ಹೆಂಡತಿಯ ಕೈಯಲ್ಲಿದ್ದ ಬಟ್ಟೆಗಳನ್ನು ಇಸಿದುಕೊಂಡು ಬೆಂಚಿನ ಮೇಲಿಟ್ಟ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಹೋಗ್ತೀನಿ ಅಂತಲೇ ಅಂದ್ಕೊಂಡಿದ್ದೆ, ಆತೆ. ಇವಳು ಎಷ್ಟು ಬೈದ್ರೂ ಹೋಗ್ತೀನಿ ಅಂತಿದ್ದೆ. ಜನ ಏನಾದ್ರೂ ಅಂದ್ಕೊಳ್ಳಿ, ಸ್ಟ್ಯಾಂಡಿನೋರು ಕೂಗ್ಲಿ. ನೀನೊಬ್ಬಳು ನನ್ನ ಪಕ್ಕ ನಿಂತ್ರೆ ಸಾಕು." ಅವನು ಅವಳ ಮುಖವನ್ನೇ ನೋಡಿದ. "ನೀನೂ ನೋಡಿದೆಯಲ್ಲ. ನಿಂಗೂ ಹಾಗನ್ನಿಸ್ತಾ?"

ಇಲ್ಲ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅವಳು ಹೇಳಿದಳು. ಹೇಳಿಯೇ ಹೇಳಿದಳು. ಆದರೆ ಆ ಮಾತು ನಾಲಿಗೆಗೆ ಬರುವ ಮೊದಲು, ಅರ್ಧ ಬೆಳಕಿನ ಆ ಮುಖ ನಡುವೆ ಹಾದು ಹೋಯಿತು. ಅಷ್ಟೇ ಹೊತ್ತು ಅವಳು ತಡಮಾಡಿದಳು. ಡೊಮೆಂಗ್ ಅದನ್ನು ಕಂಡ. ಫೆಲಿಯೂ ಕಂಡಳು.

"ಇಲ್ಲ, ಡೊಮೆಂಗ್. ದೇವರಾಣೆ ಇಲ್ಲ."

"ಆಯ್ತು, ಆತೆ," ಎಂದ ಅವನು ಮೆತ್ತಗೆ. "ಕತ್ತಲಾಗೋಕೆ ಮುಂಚೆ ಮನೆ ಸೇರ್ಕೋ."

ಸೋಮವಾರ ಅವಳು ಸರ್ಕಾರಿ ವಕೀಲರ ಕಚೇರಿಯ ಬೆಂಚಿನ ಮೇಲೆ ಒಂಬತ್ತಕ್ಕೇ ಹೋಗಿ ಕೂತಳು. ಹನ್ನೊಂದಕ್ಕೆ ಎದ್ದು ಡೊಮೆಂಗನಿಗೆ ಫೋನು ಮಾಡಿದಳು. ಅದು ಸ್ವಿಚ್ ಆಫ್ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ನೆನೆತ್ ತಾನಾಗಿಯೇ ಫೋನು ಮಾಡಿ, ಬೆಳಿಗ್ಗೆಯ ಮೊದಲ ಬಸ್ಸಿಗೆ ಗಂಡ ಹೆಂಡತಿ ಮಕ್ಕಳು ಗಂಟುಮೂಟೆ ಸಮೇತ ಹೋದರಂತೆ, ಎಲ್ಲಿಗೆಂದು ಯಾರಿಗೂ ಹೇಳಿಲ್ಲವಂತೆ ಎಂದಳು. ನೆನೆತ್‌ಳ ದನಿಯಲ್ಲಿ ಉತ್ಸಾಹ ತುಂಬಿತ್ತು. "ತಪ್ಪಿಲ್ದೇ ಇದ್ರೆ ಯಾಕೆ ಓಡಿಹೋಗ್ತಿದ್ದ, ಹೇಳು?"

ಊಟಕ್ಕೆ ಹೊರಟ ಗುಮಾಸ್ತೆ ಬೀಗ ಹಾಕುತ್ತಾ ಬೆಂಚಿನ ಕಡೆ ನೋಡಿದಳು.

"ಸಾಕ್ಷಿ ಬರ್ಲಿಲ್ವಾ, ಅಮ್ಮ?"

"ಇಲ್ಲ."

"ನಾನೂ ನೋಡಿದೆ ಆ ಕಂತನ್ನ. ಚೆನ್ನಾಗಿತ್ತು," ಎಂದು ಅವಳು ಅನುಕಂಪದಿಂದ ಅರ್ಸೆನಿಯಾಳ ಭುಜ ಮುಟ್ಟಿದಳು. "ಆ ಟ್ರೈಸಿಕಲ್‌ನವನನ್ನ ಹಿಡಿಯೋಕೆ ಅರ್ಜಿ ಕೊಡೋದಾದ್ರೆ, ಎರಡು ಗಂಟೆ ಮೇಲೆ ಬನ್ನಿ."